ತುಮಕೂರಿನಲ್ಲಿ ಹೆಡ್‌ಶಾಟ್: ಊರಿನ ಸ್ಟುಡಿಯೋನಾ, ಬೆಂಗಳೂರಾ, ಮನೆಯ ಕಿಟಕಿಯಾ?

ಆಷಾಢ ಹತ್ತಿರ ಬಂತು ಅಂದರೆ ನಮ್ಮ ಕಾಲೇಜಿನ ಪ್ಲೇಸ್‌ಮೆಂಟ್ ರೂಮಿಗೆ ಮಕ್ಕಳು ಒಂದೇ ಪ್ರಶ್ನೆ ಹಿಡಿದು ಬರುತ್ತಾರೆ. "ಮೇಡಂ, ಪ್ರೊಫೈಲ್‌ಗೆ ಫೋಟೋ ಎಲ್ಲಿ ತೆಗೆಸೋದು?" ಕೇಳುವವರು ಬರೀ ಫೈನಲ್ ಇಯರ್‌ನವರಲ್ಲ. ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಆಗಿರುವ ಹಳೆಯ ವಿದ್ಯಾರ್ಥಿ ಫೋನ್ ಮಾಡಿ ಕೇಳುತ್ತಾನೆ. ಎಸ್.ಎಸ್.ಪುರಂನಲ್ಲಿ ಸಂಗೀತದ ಕ್ಲಾಸ್ ನಡೆಸುವ ನಮ್ಮ ನಾದಿನಿ ಕೇಳುತ್ತಾಳೆ. ಮುಂಚೆ ಈ ಪ್ರಶ್ನೆಯೇ ಇರಲಿಲ್ಲ. ನಮ್ಮೂರಿನ ಎಂ.ಜಿ. ರಸ್ತೆಗೆ ಹೋಗಿ ಎಂಟು ಪಾಸ್‌ಪೋರ್ಟ್ ಸೈಜ್ ಫೋಟೋ ತಂದರೆ ಎಲ್ಲಾ ಕೆಲಸವೂ ಆಗುತ್ತಿತ್ತು. ಈಗ ನಿಮ್ಮನ್ನು ನೋಡುವ ಮುಂಚೆ ನಿಮ್ಮ ಫೋಟೋ ನೋಡುವವರೇ ಜಾಸ್ತಿ. ಆ ಮುಖದ ಫೋಟೋಗೇ ಹೆಡ್‌ಶಾಟ್ ಅನ್ನುವುದು.

ನಾನು ಫೋಟೋಗ್ರಾಫರ್ ಅಲ್ಲ. ಆದರೆ ಇಷ್ಟು ವರ್ಷದಲ್ಲಿ ಮಕ್ಕಳ ಜೊತೆ ಸ್ಟುಡಿಯೋಗಳಿಗೆ ಹೋಗಿದ್ದೇನೆ, ನಮ್ಮ ಮನೆಯ ಹಾಲ್‌ನಲ್ಲೇ ತುಂಬಾ ಜನರ ಫೋಟೋ ತೆಗೆದಿದ್ದೇನೆ, ನನ್ನದಕ್ಕೆ ಅಂತ ಬೆಂಗಳೂರಿಗೂ ಹೋಗಿ ಬಂದಿದ್ದೇನೆ. ಹಾಗಾಗಿ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಮ್ಮೂರಿನ ಬಹಳಷ್ಟು ಜನಕ್ಕೆ ನಮ್ಮೂರಿನ ಸ್ಟುಡಿಯೋನೇ ಸಾಕು. ಆದರೆ ಅಲ್ಲಿ ಹತ್ತು ನಿಮಿಷ ಅಲ್ಲ, ಅರ್ಧ ಗಂಟೆ ಕೇಳಿ ಪಡೆಯಬೇಕು. ದುಡ್ಡು ಖರ್ಚು ಮಾಡುವ ಹಾಗಿಲ್ಲವಾ, ಮನೆಯ ಕಿಟಕಿ ಇದೆ. ಬೆಂಗಳೂರು ಕೆಲವರಿಗೆ ಮಾತ್ರ. ಆ್ಯಪ್‌ನಲ್ಲಿ ಮುಖ ಮಾಡಿಸಿಕೊಳ್ಳುವುದು ಯಾರಿಗೂ ಬೇಡ.

ಹೀಗೆ ಹೇಳುವುದಕ್ಕೆ ನನ್ನ ಹತ್ತಿರ ಒಂದೇ ಅಳತೆಗೋಲಿದೆ. ಫೋಟೋ ನೋಡಿದವರು ನಿಮ್ಮನ್ನು ಎದುರಿಗೆ ಕಂಡ ತಕ್ಷಣ ಗುರುತು ಹಿಡಿಯಬೇಕು. ನಾಲ್ಕು ವರ್ಷದ ಹಿಂದೆ ಒಂದು ಸೆಮಿನಾರ್‌ಗೆ ನನ್ನನ್ನು ಕರೆದಿದ್ದರು. ಅವರ ಬ್ರೋಷರ್‌ಗೆ ಅಂತ ಒಂದು ಸ್ಟುಡಿಯೋದಲ್ಲಿ ಫೋಟೋ ತೆಗೆಸಿ ಕಳಿಸಿದ್ದೆ. ಸ್ಟುಡಿಯೋದವರು ಮುಖವನ್ನು ಎರಡು ಪಟ್ಟು ಬೆಳ್ಳಗೆ ಮಾಡಿದ್ದರು. ಕೆನ್ನೆಯ ಮೇಲಿನ ಮಚ್ಚೆ ಅಳಿಸಿದ್ದರು. ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಕರೆದುಕೊಂಡು ಹೋಗಲು ಬಂದ ಹುಡುಗ ಬ್ರೋಷರ್ ಕೈಯಲ್ಲಿ ಹಿಡಿದುಕೊಂಡೇ ನನ್ನ ಮುಂದಿನಿಂದ ಎರಡು ಸಲ ದಾಟಿ ಹೋದ. ಆ ದಿನದಿಂದ ಚೆನ್ನಾಗಿ ಕಾಣುವುದು ನನಗೆ ಎರಡನೆಯ ಮಾತು.

ಫಾರ್ಮ್‌ಗಾ, ಜನರಿಗಾ?

ಎಲ್ಲಿಗೆ ಹೋಗಬೇಕು ಅನ್ನುವ ಮುಂಚೆ ಇದನ್ನು ತೀರ್ಮಾನ ಮಾಡಿಕೊಳ್ಳಿ. ಅರ್ಜಿ ಫಾರ್ಮ್‌ಗೆ ಬೇಕಾದ ಫೋಟೋ ಬೇರೆ, ಜನ ನೋಡುವ ಫೋಟೋ ಬೇರೆ.

ಫಾರ್ಮ್‌ಗೆ ಅಳತೆ ಮುಖ್ಯ. ಬ್ಯಾಂಕ್ ಪರೀಕ್ಷೆಗೆ ಐಬಿಪಿಎಸ್‌ನವರು ಕೇಳುವುದು 200×230 ಪಿಕ್ಸೆಲ್, ಫೈಲ್ 20 ಕೆಬಿಯಿಂದ 50 ಕೆಬಿ ಒಳಗೆ, ಹಿಂದೆ ತಿಳಿ ಬಣ್ಣ, ಬಿಳಿ ಇದ್ದರೆ ಒಳ್ಳೆಯದು. ಕೇಂದ್ರ ಸರ್ಕಾರದ ಕೆಲಸಗಳಿಗೆ ಪರೀಕ್ಷೆ ನಡೆಸುವ ಎಸ್‌ಎಸ್‌ಸಿಯವರು ಈಗ ಅರ್ಜಿ ತುಂಬುವಾಗಲೇ ಕ್ಯಾಮೆರಾ ಮುಂದೆ ಲೈವ್ ಫೋಟೋ ತೆಗೆಯುತ್ತಾರೆ. ಆಧಾರ್‌ಗೆ ಕೇಂದ್ರದಲ್ಲೇ ತೆಗೆಯುತ್ತಾರೆ. ಇವುಗಳಿಗೆ ಹೆಡ್‌ಶಾಟ್ ಅಂತ ದುಡ್ಡು ಹಾಕಬೇಡಿ. ಹತ್ತು ನಿಮಿಷದ ಪಾಸ್‌ಪೋರ್ಟ್ ಫೋಟೋನೇ ಇದಕ್ಕೆ ಸರಿಯಾದ ಆಯ್ಕೆ.

ಲಿಂಕ್ಡ್‌ಇನ್, ಕಂಪನಿಯ ವೆಬ್‌ಸೈಟ್, ಕ್ಲಾಸ್‌ನ ಬೋರ್ಡು, ವಿಸಿಟಿಂಗ್ ಕಾರ್ಡು, ವಾಟ್ಸಾಪ್ ಬಿಸಿನೆಸ್, ಇವೆಲ್ಲ ಜನ ನೋಡುವ ಜಾಗಗಳು. ಲಿಂಕ್ಡ್‌ಇನ್‌ನಲ್ಲಿ ಫೋಟೋ ಚೌಕವಾಗಿ ಹೋಗಿ ದುಂಡಗೆ ಕಾಣುತ್ತದೆ. ಕಡಿಮೆ ಅಂದರೂ 400×400 ಪಿಕ್ಸೆಲ್ ಇರಲಿ. ಫೋನಿನಲ್ಲಿ ಅದು ಹೆಬ್ಬೆರಳಿನ ಉಗುರಿನಷ್ಟೇ ಇರುತ್ತದೆ. ಅಷ್ಟು ಚಿಕ್ಕದರಲ್ಲಿ ಕಣ್ಣು ಕಾಣಬೇಕು. ಹೆಡ್‌ಶಾಟ್ ಅಂದರೆ ಇದೇ: ತಲೆಯಿಂದ ಎದೆಯವರೆಗೆ, ಕಣ್ಣು ಸ್ಪಷ್ಟವಾಗಿ, ಹಿಂದೆ ಗಲಾಟೆ ಇಲ್ಲದೆ.

"ಪಾಸ್‌ಪೋರ್ಟ್ ಫೋಟೋನೇ ಹಾಕಿದರೆ ಆಗಲ್ವಾ?" ಅಂತ ತುಂಬಾ ಮಕ್ಕಳು ಕೇಳುತ್ತಾರೆ. ಆಗುತ್ತದೆ, ಆದರೆ ಅದು ಗುರುತಿನ ಚೀಟಿಯ ಮುಖ. ಎರಡೂ ಕಡೆಯಿಂದ ಸಮನಾಗಿ ಲೈಟ್ ಬಿಟ್ಟಿರುತ್ತಾರೆ. ನೆರಳೇ ಇರಬಾರದು ಅನ್ನುವುದು ಅದರ ನಿಯಮ. ನೆರಳಿಲ್ಲದೆ ಮೂಗು, ಕೆನ್ನೆ, ದವಡೆ ಎಲ್ಲಾ ಚಪ್ಪಟೆಯಾಗುತ್ತವೆ. ಮೇಲಾಗಿ ಉಸಿರು ಬಿಗಿಹಿಡಿದು ಕೂತ ಮುಖ ಅದು. ಅದರ ಮೇಲೆ ಕಂಪ್ಯೂಟರಿನಲ್ಲಿ ಕೋಟು ಅಂಟಿಸಿಕೊಡುತ್ತಾರಲ್ಲ, ಅದನ್ನಂತೂ ದಯವಿಟ್ಟು ಮಾಡಿಸಬೇಡಿ. ಕತ್ತು ಒಂದು ಕಡೆ, ಕೋಟಿನ ಕಾಲರ್ ಇನ್ನೊಂದು ಕಡೆ ಇರುತ್ತದೆ. ದಿನಾ ನೂರು ರೆಸ್ಯೂಮೆ ನೋಡುವವರಿಗೆ ಅದು ತಕ್ಷಣ ಗೊತ್ತಾಗುತ್ತದೆ. ಒಂದು ಇಸ್ತ್ರಿ ಮಾಡಿದ ಸ್ವಂತ ಶರ್ಟು ಅದಕ್ಕಿಂತ ಎಷ್ಟೋ ಮೇಲು.

ನಮ್ಮೂರಿನ ಸ್ಟುಡಿಯೋ

ಕ್ಯಾಮೆರಾ, ಲೈಟು, ಲೆನ್ಸು ಇವುಗಳಲ್ಲಿ ನಮ್ಮೂರಿನ ಒಳ್ಳೆಯ ಸ್ಟುಡಿಯೋಗಳಿಗೂ ಬೆಂಗಳೂರಿನವಕ್ಕೂ ಈಗ ದೊಡ್ಡ ವ್ಯತ್ಯಾಸ ಇಲ್ಲ. ಮದುವೆ ಆಲ್ಬಂ ಮಾಡುವವರ ಹತ್ತಿರ ಮುಖದ ಫೋಟೋಗೆ ಹೇಳಿ ಮಾಡಿಸಿದಂಥ 85 ಎಂಎಂ ಲೆನ್ಸ್ ಇದ್ದೇ ಇರುತ್ತದೆ. ಇಲ್ಲ ಅಂದರೆ 50 ಎಂಎಂ ಇರುತ್ತದೆ. ಬೆಳಕು ಹಿಡಿಯುವ ಸೆನ್ಸರ್ ಚಿಕ್ಕದಿರುವ ಕ್ಯಾಮೆರಾಗೆ ಅದೂ ಚೆನ್ನಾಗಿ ಹೊಂದುತ್ತದೆ. ಕೊರತೆ ಇರುವುದು ಸಮಯದ್ದು. ಮುಂದೆ ನಾಲ್ಕು ಜನ ಪಾಸ್‌ಪೋರ್ಟ್ ಫೋಟೋಗೆ ಕಾಯುತ್ತಿರುತ್ತಾರೆ. ನಿಮ್ಮನ್ನು ಸ್ಟೂಲಿನ ಮೇಲೆ ಕೂರಿಸಿ, ಗಲ್ಲ ಸ್ವಲ್ಪ ಕೆಳಗೆ ಅಂದು, ಮೂರು ಕ್ಲಿಕ್ ಮಾಡಿ ಕಳಿಸುತ್ತಾರೆ. ತಪ್ಪು ಅವರದಲ್ಲ. ನೀವು ಬೇರೆ ಏನೂ ಕೇಳಿರುವುದಿಲ್ಲ.

ಕೇಳಬೇಕು. ಹಿಂದಿನ ದಿನ ಹೋಗಿ ಮಾತಾಡಿಕೊಂಡು ಬನ್ನಿ. ನಾನು ಮಕ್ಕಳಿಗೆ ಹೇಳಿಕೊಡುವ ಮಾತು ಹೀಗಿದೆ: "ಅಣ್ಣ, ಫಾರ್ಮ್‌ಗಲ್ಲ, ಪ್ರೊಫೈಲ್‌ಗೆ. ನಾಳೆ ಹನ್ನೊಂದು ಗಂಟೆಗೆ ಬರ್ತೀನಿ, ಅರ್ಧ ಗಂಟೆ ಬೇಕು. ಒಂದು ಕಡೆ ಲೈಟ್ ಕಮ್ಮಿ ಇರಲಿ. ಮುಖ ಬೆಳ್ಳಗೆ ಮಾಡಬೇಡಿ." ನಿಮಗೆ ಇಷ್ಟವಾದ ಎರಡು ಫೋಟೋ ಫೋನಿನಲ್ಲಿ ತೋರಿಸಿ. ಬಾಯಲ್ಲಿ ವಿವರಿಸುವುದಕ್ಕಿಂತ ಅದು ಬೇಗ ಅರ್ಥವಾಗುತ್ತದೆ. ಬೆಲೆಯನ್ನೂ ಆಗಲೇ ಮಾತಾಡಿ. ಪಾಸ್‌ಪೋರ್ಟ್ ಫೋಟೋಗೆ ಕೊಡುವ ದುಡ್ಡಿಗೆ ಅರ್ಧ ಗಂಟೆ ಕೇಳುವುದು ನ್ಯಾಯವಲ್ಲ. ಹೋದ ವರ್ಷ ಅಣ್ಣನ ಮಗಳ ಫೋಟೋಗೆ 700 ರೂಪಾಯಿ ಕೊಟ್ಟೆ. ಮೂರು ಫೋಟೋ ಟಚಪ್ ಮಾಡಿ ಕೊಟ್ಟರು. ಅವರೂ ಖುಷಿಯಿಂದ ಮಾಡಿದರು.

ಎರಡು ಸ್ಟುಡಿಯೋ ನಡುವೆ ಯಾವುದು ಅಂತ ಗೊತ್ತಾಗದಿದ್ದರೆ ಒಳಗಿನ ರೂಮಿನ ಉದ್ದ ನೋಡಿ. ಇದನ್ನು ನನಗೆ ಹೇಳಿಕೊಟ್ಟವರು ಒಬ್ಬ ಹಳೆಯ ಫೋಟೋಗ್ರಾಫರ್. ನಿಮ್ಮ ಬೆನ್ನಿಗೂ ಹಿಂದಿನ ಪರದೆಗೂ ನಾಲ್ಕು ಅಡಿಯಾದರೂ ಬೇಕು. ಇಲ್ಲದಿದ್ದರೆ ನಿಮ್ಮ ನೆರಳು ಪರದೆ ಮೇಲೆ ಬೀಳುತ್ತದೆ. ನಿಮಗೂ ಕ್ಯಾಮೆರಾಗೂ ಐದಾರು ಅಡಿ ಬೇಕು. ಅದರ ಹಿಂದೆ ಫೋಟೋಗ್ರಾಫರ್ ನಿಲ್ಲಬೇಕು. ಒಟ್ಟು ಹನ್ನೆರಡು ಅಡಿ ಆಯಿತು. ಎಂಟು ಅಡಿಯ ರೂಮಿನಲ್ಲಿ ಎಷ್ಟು ಒಳ್ಳೆಯ ಕ್ಯಾಮೆರಾ ಇದ್ದರೂ ಗೋಡೆಗೆ ಒರಗಿಸಿ ತೆಗೆದ ಹಾಗೇ ಕಾಣುತ್ತದೆ.

ಲೈಟ್ ಬಗ್ಗೆ ಇಷ್ಟು ಗೊತ್ತಿದ್ದರೆ ಸಾಕು. ಮುಖ್ಯವಾದ ಲೈಟು ನಿಮ್ಮ ಒಂದು ಪಕ್ಕದಿಂದ, ಕಣ್ಣಿಗಿಂತ ಸ್ವಲ್ಪ ಮೇಲಿಂದ ಬರಬೇಕು. ಅದರ ಮುಂದೆ ಬೆಳಕನ್ನು ಮೆತ್ತಗೆ ಮಾಡುವ ಅಂಬ್ರೆಲಾ ಅಥವಾ ಸಾಫ್ಟ್‌ಬಾಕ್ಸ್ ಇರಬೇಕು. ಇನ್ನೊಂದು ಪಕ್ಕದ್ದು ಮೆತ್ತಗಿರಬೇಕು. ತೆಗೆದ ಮೇಲೆ ಕ್ಯಾಮೆರಾದಲ್ಲಿ ನಿಮ್ಮ ಕಣ್ಣನ್ನು ದೊಡ್ಡದು ಮಾಡಿ ನೋಡಿ. ಕಣ್ಣಿನ ಗೊಂಬೆಯ ಮೇಲ್ಭಾಗದಲ್ಲಿ ಬೆಳಕಿನ ಒಂದು ಚುಕ್ಕೆ ಹೊಳೆಯುತ್ತಿರಬೇಕು. ಆ ಚುಕ್ಕೆ ಇಲ್ಲದ ಕಣ್ಣು ನಿದ್ದೆಗೆಟ್ಟ ಕಣ್ಣಿನ ಹಾಗೆ ಕಾಣುತ್ತದೆ.

ಟಚಪ್ ವಿಷಯದಲ್ಲಿ ಗಟ್ಟಿಯಾಗಿ ಮಾತಾಡಿ. ಎರಡು ವಾರದಲ್ಲಿ ತಾನಾಗೇ ಹೋಗುವುದನ್ನು ತೆಗೆಯಬಹುದು: ಮೊಡವೆ, ಶರ್ಟಿನ ಮೇಲಿನ ಧೂಳು, ಹಾರಿದ ಒಂದು ಕೂದಲು. ಹೋಗದೇ ಇರುವುದನ್ನು ಮುಟ್ಟಬಾರದು: ಮಚ್ಚೆ, ಹಳೆಯ ಗಾಯದ ಗುರುತು, ಮುಖದ ಬಣ್ಣ, ಮೂಗಿನ ಆಕಾರ. ನಮ್ಮ ಕಡೆ ಸ್ಟುಡಿಯೋಗಳಲ್ಲಿ ಬೆಳ್ಳಗೆ ಮಾಡುವುದು ಒಂದು ಉಪಕಾರ ಅನ್ನುವ ಹಾಗೆ ಕೇಳದೇ ಮಾಡಿಬಿಡುತ್ತಾರೆ. ಕಪ್ಪಗಿರುವ ಹುಡುಗಿಯರು ಆ ಫೋಟೋ ನೋಡಿ ಸುಮ್ನೆ ಇರುವುದನ್ನು ನಾನು ನೋಡಿದ್ದೇನೆ. ಅದು ನನಗೆ ತುಂಬಾ ನೋವು ಕೊಡುತ್ತದೆ. ನಿಮ್ಮ ಬಣ್ಣಕ್ಕೆ ಏನೂ ಕೊರತೆ ಇಲ್ಲ. ಕಪ್ಪು ಮುಖಕ್ಕೆ ಬೇಕಾಗಿರುವುದು ಸರಿಯಾದ ಲೈಟು. ತೆಗೆಯುವಾಗ ಬೆಳಕು ಒಂದಿಷ್ಟು ಜಾಸ್ತಿ ಕೊಟ್ಟರೆ, ಹಿಂದಿನ ಪರದೆ ಅಚ್ಚ ಬಿಳಿಯ ಬದಲು ಬೂದು ಬಣ್ಣದ್ದಿದ್ದರೆ, ಚರ್ಮದ ಹೊಳಪು ಎಷ್ಟು ಚೆನ್ನಾಗಿ ಬರುತ್ತದೆ ಅಂತ ನೋಡಿ.

ಯಾವಾಗ ಹೋಗಬೇಕು ಅನ್ನುವುದೂ ಈ ಆಯ್ಕೆಯಲ್ಲಿ ಮುಖ್ಯ. ಮದುವೆ ಸೀಸನ್‌ನಲ್ಲಿ ಮಾಲೀಕರು ಛತ್ರದಲ್ಲಿರುತ್ತಾರೆ, ಅಂಗಡಿಯಲ್ಲಿ ಕೆಲಸ ಕಲಿಯುತ್ತಿರುವ ಹುಡುಗ ಇರುತ್ತಾನೆ. ಆಷಾಢದಲ್ಲಿ, ಧನುರ್ಮಾಸದಲ್ಲಿ ಮದುವೆಗಳಿಲ್ಲ. ಕೈ ಪಳಗಿದವರೇ ಅಂಗಡಿಯಲ್ಲಿ ಸಿಗುತ್ತಾರೆ, ಸಮಾಧಾನವಾಗಿಯೂ ಇರುತ್ತಾರೆ. ಕ್ಯಾಂಪಸ್ ಇಂಟರ್‌ವ್ಯೂಗಳು ಶುರುವಾಗುವುದೂ ಹೆಚ್ಚು ಕಮ್ಮಿ ಆಷಾಢದ ಹೊತ್ತಿಗೇ. ಮಂಗಳವಾರವೋ ಬುಧವಾರವೋ ಬೆಳಗ್ಗೆ ಹನ್ನೊಂದರ ಸುಮಾರಿಗೆ ಹೋಗಿ. ಶಾಲೆ ಶುರುವಾಗುವ ವಾರ ಮಾತ್ರ ಬೇಡ, ಮಕ್ಕಳ ಐಡಿ ಕಾರ್ಡ್ ಫೋಟೋಗೆ ಸಾಲು ನಿಂತಿರುತ್ತದೆ.

ಮನೆಯ ಕಿಟಕಿ

ಇದು ಬಡವರ ಆಯ್ಕೆ ಅಂದುಕೊಳ್ಳಬೇಡಿ. ಹಿಂದಿನ ಕಾಲದ ಸ್ಟುಡಿಯೋಗಳು ಉತ್ತರ ದಿಕ್ಕಿನ ದೊಡ್ಡ ಕಿಟಕಿಯ ಬೆಳಕಲ್ಲೇ ಕೆಲಸ ಮಾಡುತ್ತಿದ್ದವು. ಉತ್ತರದ ಬೆಳಕು ಗಳಿಗೆಗೊಮ್ಮೆ ಬದಲಾಗುವುದಿಲ್ಲ, ಚುಚ್ಚುವುದಿಲ್ಲ. ನಮ್ಮೂರಲ್ಲಿ ಒಂದು ವಿಷಯ ನೆನಪಿಡಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಸೂರ್ಯ ನಮ್ಮ ನೆತ್ತಿಗಿಂತ ಸ್ವಲ್ಪ ಉತ್ತರಕ್ಕೇ ಇರುತ್ತಾನೆ. ಆಗ ಉತ್ತರದ ಕಿಟಕಿಯಲ್ಲೂ ಬಿಸಿಲು ಬರಬಹುದು. ಅಂಥಾಗ ತೆಳುವಾದ ಬಿಳಿ ಪಂಚೆಯೊಂದನ್ನು ಕಿಟಕಿಗೆ ಕಟ್ಟಿ. ಅದೇ ನಿಮ್ಮ ಸಾಫ್ಟ್‌ಬಾಕ್ಸ್. ಕರೆಂಟ್ ಹೋದರೂ ಕೆಲಸ ನಿಲ್ಲುವುದಿಲ್ಲ.

ಕಿಟಕಿ ನಿಮ್ಮ ಪಕ್ಕದಲ್ಲಿ, ಸ್ವಲ್ಪ ಮುಂದಕ್ಕೆ ಇರುವ ಹಾಗೆ ಕೂರಿ. ಇನ್ನೊಂದು ಪಕ್ಕದಲ್ಲಿ ಯಾರಾದರೂ ಬಿಳಿ ಥರ್ಮೋಕೋಲ್ ಶೀಟ್ ಹಿಡಿದುಕೊಳ್ಳಲಿ. ಗಣಪತಿ ಹಬ್ಬಕ್ಕೆ ತಂದ ಹಳೆಯ ಶೀಟ್ ಇದ್ದರೂ ಸಾಕು, ನೆರಳಿನ ಕಡೆಯ ಕೆನ್ನೆ ಅರಳುತ್ತದೆ. ಟ್ಯೂಬ್‌ಲೈಟ್, ಬಲ್ಬು ಎಲ್ಲಾ ಆಫ್ ಮಾಡಿ. ಇದನ್ನೇ ಎಲ್ಲರೂ ಮರೆಯುವುದು. ಕಿಟಕಿಯ ಬೆಳಕಿನ ಬಣ್ಣವೇ ಬೇರೆ, ಬಲ್ಬಿನ ಬಣ್ಣವೇ ಬೇರೆ. ಎರಡೂ ಸೇರಿದರೆ ಮುಖದ ಅರ್ಧ ನೀಲಿ, ಅರ್ಧ ಹಳದಿ. ಆಮೇಲೆ ಯಾವ ಆ್ಯಪ್‌ನಲ್ಲೂ ಅದು ಸರಿಹೋಗುವುದಿಲ್ಲ. ಅಗ್ಗದ ಎಲ್‌ಇಡಿ ಬಲ್ಬುಗಳಾದರೆ ಸೆಕೆಂಡಿಗೆ 100 ಸಲ ಮಿನುಗುತ್ತಿರುತ್ತವೆ. ನಮ್ಮ ಕರೆಂಟು 50 ಹರ್ಟ್ಸ್‌ನದಾದ್ದರಿಂದ ಹಾಗೆ. ಕಣ್ಣಿಗೆ ಗೊತ್ತಾಗದಿದ್ದರೂ ಫೋಟೋದಲ್ಲಿ ಅಡ್ಡ ಪಟ್ಟೆಗಳಾಗಿ ಬರಬಹುದು.

ಸೆಲ್ಫಿ ಬೇಡ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ. ಕೈಯಳತೆಯ ದೂರದಿಂದ ತೆಗೆದರೆ ಮೂಗು ದೊಡ್ಡದಾಗಿ, ಕಿವಿ ಹಿಂದಕ್ಕೆ ಹೋಗಿ ಕಾಣುತ್ತವೆ. ನಿಮ್ಮ ಮೂಗು ಹಾಗಿಲ್ಲ. ಕ್ಯಾಮೆರಾಗೆ ಮೂಗು ಹತ್ತಿರ, ಕಿವಿ ದೂರ, ಅಷ್ಟೇ. ಐದಾರು ಅಡಿ ದೂರಕ್ಕೆ ಹೋದರೆ ಆ ವ್ಯತ್ಯಾಸ ಮಾಯವಾಗುತ್ತದೆ. ತಮ್ಮನ ಕೈಗೋ ಅಕ್ಕನ ಕೈಗೋ ಫೋನ್ ಕೊಟ್ಟು, ಹಿಂದಿನ ಕ್ಯಾಮೆರಾದಲ್ಲಿ 2ಎಕ್ಸ್ ಜೂಮ್ ಇಟ್ಟು, ದೂರದಿಂದ ತೆಗೆಸಿ. ಫೋನು ನಿಮ್ಮ ಕಣ್ಣಿನ ಮಟ್ಟಕ್ಕೆ ಇರಲಿ. ತೆಗೆಯುವ ಮುಂಚೆ ಹತ್ತಿ ಬಟ್ಟೆಯಿಂದ ಲೆನ್ಸ್ ಒರೆಸಿ, ಬ್ಯೂಟಿ ಮೋಡ್ ಆಫ್ ಮಾಡಿ. ಹಿಂದಿನದನ್ನು ಮಸುಕು ಮಾಡುವ ಪೋರ್ಟ್ರೇಟ್ ಮೋಡ್ ಬಳಸಿದರೆ ಜುಮುಕಿ, ಕನ್ನಡಕದ ಕಡ್ಡಿ, ಗುಂಗುರು ಕೂದಲು ಇವುಗಳ ಅಂಚನ್ನು ದೊಡ್ಡದು ಮಾಡಿ ನೋಡಿ. ಅಲ್ಲೆಲ್ಲ ಫೋನು ಕತ್ತರಿ ಆಡಿಸಿರುತ್ತದೆ.

ಹಿಂದೆ ಖಾಲಿ ಗೋಡೆ ಇರಲಿ. ಕ್ಯಾಲೆಂಡರು, ದೇವರ ಪಟ, ಫ್ರಿಡ್ಜು ಕಾಣದಿರಲಿ. ಗೋಡೆಯಿಂದ ನಾಲ್ಕು ಅಡಿ ಮುಂದಕ್ಕೆ ಬನ್ನಿ.

ಈ ಆಯ್ಕೆಯ ದೊಡ್ಡ ಲಾಭ ದುಡ್ಡು ಉಳಿಯುವುದಲ್ಲ. ಮನೆಯವರ ಮುಂದೆ ನೀವು ಬಿಗಿಯಾಗಿ ಕೂರುವುದಿಲ್ಲ. ಸ್ಟುಡಿಯೋದಲ್ಲಿ ನಗು ಬಾರದ ಹುಡುಗ ತಂಗಿ ಕೈಯಲ್ಲಿ ಫೋನಿದ್ದಾಗ ಹಾಯಾಗಿ ನಗುತ್ತಾನೆ. ಕೊರತೆ ಏನು ಅಂದರೆ, ದೊಡ್ಡ ಫ್ಲೆಕ್ಸ್‌ಗೋ ಪ್ರಿಂಟಿಗೋ ಇದು ಸಾಲದು. ಸ್ಕ್ರೀನಿನ ಮೇಲೆ ಮಾತ್ರ ಕಾಣುವುದಾದರೆ ಧಾರಾಳವಾಗಿ ಸಾಕು.

ಹೊರಗಡೆ, ಅಮಾನಿಕೆರೆ ಥರದ ಜಾಗ

ಅಮಾನಿಕೆರೆಯ ದಂಡೆಯಲ್ಲೋ ಕಾಲೇಜಿನ ಕ್ಯಾಂಪಸ್‌ನಲ್ಲೋ ತೆಗೆಯೋಣ ಅಂತ ಹುಡುಗರಿಗೆ ಆಸೆ. ಮದುವೆ ಫೋಟೋ ತೆಗೆಯುವ ಹುಡುಗರು ಸಿಗುತ್ತಾರೆ, ಚೆನ್ನಾಗಿಯೇ ತೆಗೆಯುತ್ತಾರೆ. ಆದರೆ ಬೆಳಗ್ಗೆ ಎಂಟೂವರೆಯೊಳಗೆ ಇಲ್ಲಾ ಸಂಜೆ ಐದರ ಮೇಲೆ ಮಾತ್ರ. ನಮ್ಮೂರಲ್ಲಿ ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮಧ್ಯದಲ್ಲಿ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿ ಮೇಲೇ ಬರುತ್ತಾನೆ, ನೆಟ್ಟಗೆ ನಿಂತ ಕೋಲಿಗೆ ನೆರಳೇ ಇರುವುದಿಲ್ಲ. ಆಗ ಮುಖದ ನೆರಳೆಲ್ಲ ಕಣ್ಣಿನ ಗುಳಿಯಲ್ಲಿ ತುಂಬಿಕೊಳ್ಳುತ್ತದೆ. ಮರದ ಕೆಳಗೆ ನಿಂತರೆ ಎಲೆಗಳ ಸಂದಿಯ ಬಿಸಿಲು ಮುಖದ ಮೇಲೆ ಚುಕ್ಕೆ ಚುಕ್ಕೆ. ಕಟ್ಟಡದ ನೆರಳೇ ವಾಸಿ. ಮೋಡ ಕವಿದ ದಿನ ಬೆಳಕು ತುಂಬಾ ಮೆತ್ತಗಿರುತ್ತದೆ, ಆದರೆ ಆಷಾಢದ ಗಾಳಿಗೆ ಕೂದಲು ನಿಲ್ಲುವುದಿಲ್ಲ. ಬಿಸಿಲಿಗೆ ಕಪ್ಪಾಗುವ ಕನ್ನಡಕ ಹಾಕುವವರಿಗೆ ಈ ಆಯ್ಕೆಯೇ ಬೇಡ, ಕಣ್ಣು ಕಾಣುವುದಿಲ್ಲ. ಹಾಡುವವರು, ಟ್ರೆಕ್ಕಿಂಗ್ ಕರೆದುಕೊಂಡು ಹೋಗುವವರು, ಕೃಷಿ ಕೆಲಸದವರು, ಇವರಿಗೆ ಹೊರಗಿನ ಫೋಟೋ ಚೆನ್ನಾಗಿ ಒಪ್ಪುತ್ತದೆ. ಬ್ಯಾಂಕು, ಅಕೌಂಟ್ಸ್, ಆಫೀಸು ಅನ್ನುವವರು ಒಳಗೇ ತೆಗೆಸಿಕೊಳ್ಳಿ.

ಬೆಂಗಳೂರಿಗೆ ಹೋಗಬೇಕಾ?

ಅಲ್ಲಿ ಹೆಡ್‌ಶಾಟ್ ಅನ್ನೇ ಕೆಲಸ ಮಾಡಿಕೊಂಡ ಫೋಟೋಗ್ರಾಫರ್‌ಗಳಿದ್ದಾರೆ. ಅವರಲ್ಲಿ ನಾನು ಮೆಚ್ಚಿದ್ದು ಒಂದು: ಕ್ಯಾಮೆರಾವನ್ನು ದೊಡ್ಡ ಸ್ಕ್ರೀನಿಗೆ ಜೋಡಿಸಿ, ಒಂದೊಂದು ಫೋಟೋವನ್ನೂ ಆಗಲೇ ತೋರಿಸಿ, "ಭುಜ ಸ್ವಲ್ಪ ತಿರುಗಿಸಿ ನೋಡೋಣ" ಅಂತ ತಿದ್ದುತ್ತಾ ಹೋಗುತ್ತಾರೆ. ಮುಖವನ್ನು ಕ್ಯಾಮೆರಾ ಮುಂದೆ ಹೇಗೆ ಇಡಬೇಕು ಅನ್ನುವುದನ್ನು ನಾನು ಕಲಿತಿದ್ದು ಅಲ್ಲೇ. ಆದರೆ ಅಲ್ಲಿ ನಾನು ಕೊಟ್ಟ ದುಡ್ಡಿಗೆ ನಮ್ಮೂರಿನ ಸ್ಟುಡಿಯೋಗೆ ಎಂಟು ಸಲ ಹೋಗಬಹುದಿತ್ತು.

ಯಾರು ಹೋಗಬೇಕು? ನಟನೆ, ಮಾಡೆಲಿಂಗ್, ನಿರೂಪಣೆ ಕಡೆ ಹೋಗುವವರು, ವೇದಿಕೆ ಮೇಲೆ ಭಾಷಣ ಮಾಡುವುದೇ ಕೆಲಸವಾಗಿರುವವರು, ಎಲ್ಲರ ಫೋಟೋ ಒಂದೇ ಥರ ಇರಬೇಕು ಅನ್ನುವ ಕಂಪನಿಯವರು. ಮೊದಲ ಕೆಲಸ ಹುಡುಕುತ್ತಿರುವ ಮಕ್ಕಳು ಖಂಡಿತ ಹೋಗಬೇಡಿ. ಆ ದುಡ್ಡಿನಲ್ಲಿ ಎರಡು ಒಳ್ಳೆಯ ಶರ್ಟು, ಒಂದು ಜೊತೆ ಶೂ ಬರುತ್ತವೆ. ಇಂಟರ್‌ವ್ಯೂಗೆ ಅವೇ ಜಾಸ್ತಿ ಉಪಯೋಗ.

ಹೋಗುವವರಿಗೆ ಒಂದು ಮಾತು. ದಾರಿ 70 ಕಿಲೋಮೀಟರ್. ತುಂಬಿದ ರೈಲಿನಲ್ಲೋ ಬಸ್ಸಿನಲ್ಲೋ ನಿಂತು ಹೋದರೆ ಶರ್ಟಿನ ಇಸ್ತ್ರಿ ಯಶವಂತಪುರಕ್ಕೆ ಮುಂಚೆಯೇ ಹೋಗಿರುತ್ತದೆ. ಬಟ್ಟೆಯನ್ನು ಹ್ಯಾಂಗರ್‌ನಲ್ಲೇ ಹಾಕಿ ಕವರ್ ಮಾಡಿ ತೆಗೆದುಕೊಂಡು ಹೋಗಿ, ಅಲ್ಲಿ ಬದಲಾಯಿಸಿ. ಒಂದು ಗಂಟೆ ಮುಂಚೆ ತಲುಪಿ, ಮುಖ ತೊಳೆದು, ಸುಮ್ನೆ ಕೂತು ಸುಧಾರಿಸಿಕೊಳ್ಳಿ. ಎಷ್ಟು ಫೋಟೋ ಎಡಿಟ್ ಮಾಡಿ ಕೊಡುತ್ತಾರೆ, ಎಷ್ಟು ಜೊತೆ ಬಟ್ಟೆ ಬದಲಾಯಿಸಬಹುದು, ಮೇಕಪ್ ಸೇರಿದೆಯಾ, ಎಷ್ಟು ದಿನಕ್ಕೆ ಕೊಡುತ್ತಾರೆ, ಇಷ್ಟನ್ನೂ ಫೋನಿನಲ್ಲೇ ಕೇಳಿ.

ಆ್ಯಪ್‌ನಲ್ಲಿ ತಯಾರಾಗುವ ಮುಖ

ಹತ್ತು ಹದಿನೈದು ಸೆಲ್ಫಿ ಹಾಕಿದರೆ ಕೋಟು ಹಾಕಿದ ಫೋಟೋ ಮಾಡಿಕೊಡುವ ಎಐ ಆ್ಯಪ್‌ಗಳು ಬಂದಿವೆ. ಅದು ನಿಮ್ಮ ಫೋಟೋ ಅಲ್ಲ. ನಿಮ್ಮ ಸೆಲ್ಫಿಗಳನ್ನು ನೋಡಿ ನಿಮ್ಮ ಹಾಗಿರುವ ಒಬ್ಬರನ್ನು ಹೊಸದಾಗಿ ಬಿಡಿಸಿದ ಚಿತ್ರ. ನನ್ನ ವಿದ್ಯಾರ್ಥಿನಿ ಒಬ್ಬಳಿಗೆ ಅದು ಕೊಟ್ಟ ಮುಖದಲ್ಲಿ ಹಲ್ಲಿನ ಸಾಲೇ ಬೇರೆಯಾಗಿತ್ತು, ಹಣೆಯ ಕುಂಕುಮ ಮಾಯವಾಗಿತ್ತು. ಅವಳ ಮುಂದಿನ ಹಲ್ಲು ಒಂದರ ಮೇಲೊಂದು ಸ್ವಲ್ಪ ಏರಿದೆ, ಅವಳ ನಗುವಿಗೆ ಅದೇ ಚೆಂದ. ಪರೀಕ್ಷೆಯ ಅರ್ಜಿಗಂತೂ ಇದನ್ನು ಹಾಕಲೇಬೇಡಿ, ಪರೀಕ್ಷಾ ಕೇಂದ್ರದಲ್ಲಿ ಮುಖ ಹೋಲಿಸಿ ನೋಡುತ್ತಾರೆ. ನಿಜವಾದ ಫೋಟೋವನ್ನು ಕ್ರಾಪ್ ಮಾಡಲು, ಹಿಂದಿನ ಗೋಡೆ ಬದಲಾಯಿಸಲು ಆ್ಯಪ್ ಬಳಸಿದರೆ ತೊಂದರೆ ಇಲ್ಲ.

ಯಾವ ದಾರಿ ಹಿಡಿದರೂ ಮಾಡಿಕೊಳ್ಳುವ ತಯಾರಿ

ಕಟಿಂಗ್ ಐದಾರು ದಿನ ಮುಂಚೆ ಮಾಡಿಸಿ. ಅದೇ ದಿನ ಮಾಡಿಸಿದರೆ ಕಿವಿಯ ಸುತ್ತ ಬಿಳಿ ಗೆರೆ ಕಾಣುತ್ತದೆ. ಹುಬ್ಬಿನ ಥ್ರೆಡಿಂಗ್ ಎರಡು ಮೂರು ದಿನ ಮುಂಚೆ ಆಗಲಿ. ಹಿಂದಿನ ದಿನ ಮೊದಲ ಸಲ ಫೇಶಿಯಲ್, ಬ್ಲೀಚ್ ಮಾಡಿಸಿಕೊಳ್ಳಬೇಡಿ, ಮುಖ ಕೆಂಪಾದರೆ ಏನೂ ಮಾಡಲು ಆಗುವುದಿಲ್ಲ. ತಲೆಗೆ ಹಿಂದಿನ ದಿನ ಸ್ನಾನ ಮಾಡಿ. ಅದೇ ದಿನ ತೊಳೆದ ಕೂದಲು ಹಾರಾಡುತ್ತದೆ, ಎಣ್ಣೆ ಹಚ್ಚಿದ ಕೂದಲು ಫ್ಲಾಶ್‌ಗೆ ಮಿರುಗುತ್ತದೆ. ಪೌಡರ್ ಜಾಸ್ತಿ ಆದರೆ ಫ್ಲಾಶ್‌ನಲ್ಲಿ ಬೂದಿ ಬಳಿದ ಹಾಗೆ ಬರುತ್ತದೆ. ಮನೆಯ ಕಿಟಕಿಯಲ್ಲಿ ಅಷ್ಟು ಗೊತ್ತಾಗುವುದಿಲ್ಲ. ಎಲ್ಲಿ ಹೋದರೂ ಒಂದು ಒಣ ಕರ್ಚೀಫು ಜೇಬಿನಲ್ಲಿರಲಿ, ಹಣೆ ಮೂಗು ಒತ್ತಿ ಒರೆಸಿಕೊಳ್ಳಲು.

ಬಟ್ಟೆಯಲ್ಲಿ ಸಣ್ಣ ಸಣ್ಣ ಚೆಕ್ಸ್, ತೆಳು ಗೆರೆ ಬೇಡ. ಸ್ಕ್ರೀನಿನಲ್ಲಿ ಚಿಕ್ಕದಾದಾಗ ಅವು ನೀರಿನ ಅಲೆಯ ಹಾಗೆ ಓಡಾಡುತ್ತವೆ. ಬಿಳಿ ಗೋಡೆಗೆ ಬಿಳಿ ಶರ್ಟು ಬೇಡ. ಗಿಣಿ ಹಸಿರು, ಕಡು ಕೆಂಪು ಬಣ್ಣಗಳು ಗಲ್ಲದ ಕೆಳಗೆ ತಮ್ಮ ಬಣ್ಣ ಎರಚುತ್ತವೆ. ನೀಲಿ, ಮರೂನ್, ಬೂದು, ಎಲೆ ಹಸಿರು ಎಲ್ಲರಿಗೂ ಹೊಂದುತ್ತವೆ. ಶರ್ಟಿನ ಕಾಲರ್ ಗುಂಡಿ ಹಾಕಿದಾಗ ಒಂದು ಬೆರಳು ಮಾತ್ರ ಹಿಡಿಯಬೇಕು. ಸೀರೆಯಾದರೆ ಕಾಟನ್ ಅಥವಾ ಮೆತ್ತಗಿನ ರೇಷ್ಮೆ, ಸೆರಗಿಗೆ ಭುಜದಲ್ಲಿ ಪಿನ್. ದೊಡ್ಡ ಜರಿ ಅಂಚು ಸ್ಟುಡಿಯೋ ಫ್ಲಾಶ್‌ಗೆ ಕಣ್ಣು ಕುಕ್ಕುತ್ತದೆ, ಕಿಟಕಿ ಬೆಳಕಿಗೆ ಚೆನ್ನಾಗಿ ಕಾಣುತ್ತದೆ. ಕುಂಕುಮ, ವಿಭೂತಿ, ಹಿಜಾಬ್, ಮೂಗುಬೊಟ್ಟು, ಮುಡಿದ ಹೂವು ಇವುಗಳ ಬಗ್ಗೆ ಮಕ್ಕಳು ಅಳುಕುತ್ತಾ ಕೇಳುತ್ತಾರೆ. ಕೆಲಸಕ್ಕೆ ಹೋಗುವಾಗ ಇರುತ್ತಾ? ಇದ್ದರೆ ಫೋಟೋದಲ್ಲೂ ಇರಲಿ.

ದಿನಾ ಕನ್ನಡಕ ಹಾಕುವವರು ಫೋಟೋಗೆ ಅಂತ ಅದನ್ನು ಬಿಚ್ಚಿಡಬೇಡಿ. ಗಾಜಿನಲ್ಲಿ ಲೈಟು ಹೊಳೆದರೆ ಕನ್ನಡಕದ ಕಡ್ಡಿಯನ್ನು ಕಿವಿಯ ಮೇಲೆ ಸ್ವಲ್ಪ ಎತ್ತಿ, ಗಾಜು ನೆಲದ ಕಡೆಗೆ ಬಾಗುತ್ತದೆ. ಹಾಗೂ ಹೋಗದಿದ್ದರೆ ಲೈಟನ್ನು ಮೇಲಕ್ಕೆ ಎತ್ತಲು ಹೇಳಿ.

ಹೊಟ್ಟೆಗೆ ತಿಂದು ಹೋಗಿ. ಹಸಿದ ಮುಖ ಗೊತ್ತಾಗುತ್ತದೆ. ಕ್ಯಾಮೆರಾ ಮುಂದೆ ಭುಜವನ್ನು ಸ್ವಲ್ಪ ಓರೆ ಮಾಡಿ, ಮುಖವನ್ನು ಮಾತ್ರ ಕ್ಯಾಮೆರಾ ಕಡೆ ತಿರುಗಿಸಿ. ಗಲ್ಲವನ್ನು ಒಂದು ಇಂಚು ಮುಂದಕ್ಕೆ ತಂದು ಆಮೇಲೆ ಸ್ವಲ್ಪ ಕೆಳಗೆ ಮಾಡಿ. ಉಸಿರು ಬಿಟ್ಟಾಗ ಕ್ಲಿಕ್ ಮಾಡಿಸಿ. ಮೊದಲ ಹತ್ತು ಹದಿನೈದು ಫೋಟೋ ಚೆನ್ನಾಗಿ ಬರುವುದಿಲ್ಲ, ಮುಖ ಸಡಿಲವಾಗಲು ಅಷ್ಟು ಬೇಕು. ಅರ್ಧ ಗಂಟೆ ಕೇಳಿ ಅಂದಿದ್ದು ಇದಕ್ಕೇ.

ತೆಗೆಸಿದ ಮೇಲೆ

ಫುಲ್ ಸೈಜ್ ಸಾಫ್ಟ್ ಕಾಪಿ ಪೆನ್‌ಡ್ರೈವ್‌ನಲ್ಲಿ ತೆಗೆದುಕೊಳ್ಳಿ. ವಾಟ್ಸಾಪ್‌ನಲ್ಲೇ ಕಳಿಸುವುದಾದರೆ ಡಾಕ್ಯುಮೆಂಟ್ ಮಾಡಿ ಕಳಿಸಲು ಹೇಳಿ. ಸುಮ್ನೆ ಫೋಟೋ ಅಂತ ಕಳಿಸಿದರೆ ಅದು ಕುಗ್ಗಿ ಬರುತ್ತದೆ, ಆಮೇಲೆ ಪ್ರಿಂಟ್‌ಗೆ ಆಗುವುದಿಲ್ಲ. ಪ್ರಿಂಟಿಗೆ ಇಂಚಿಗೆ 300 ಪಿಕ್ಸೆಲ್ ಲೆಕ್ಕ. 8×10 ಇಂಚಿನ ಪ್ರಿಂಟ್ ಬೇಕಿದ್ದರೆ 2400×3000 ಪಿಕ್ಸೆಲ್ ಇರಬೇಕು. ಒಂದು ಪ್ರತಿಯನ್ನು ನಿಮ್ಮ ಮೇಲ್‌ಗೆ ನೀವೇ ಕಳಿಸಿಟ್ಟುಕೊಳ್ಳಿ. ಗಡ್ಡ ಬಿಟ್ಟಾಗ, ಕನ್ನಡಕ ಬಂದಾಗ, ಕೂದಲು ನೆರೆತಾಗ ಹೊಸದು ತೆಗೆಸಿ.

ಕೊನೆಗೆ ಮೂರು ಫೋಟೋಗಳಲ್ಲಿ ಒಂದನ್ನು ಆರಿಸುವಾಗ ನೀವೇ ಆರಿಸಬೇಡಿ. ನಮ್ಮ ಮುಖ ನಮಗೆ ಗೊತ್ತಿರುವುದು ಕನ್ನಡಿಯಲ್ಲಿ, ಎಡ ಬಲ ಅದಲು ಬದಲಾಗಿ. ಹಾಗಾಗಿ ಫೋಟೋದಲ್ಲಿ ನಮಗೆ ನಾವೇ ಸ್ವಲ್ಪ ಬೇರೆಯಾಗಿ ಕಾಣುತ್ತೇವೆ. ಅಮ್ಮನಿಗೆ ಎಲ್ಲವೂ ಚೆನ್ನಾಗಿರುತ್ತವೆ. ದಿನಾ ನಿಮ್ಮನ್ನು ನೋಡುವ, ಮನೆಯವರಲ್ಲದ ಒಬ್ಬರಿಗೆ ತೋರಿಸಿ. ನಮ್ಮ ಮಕ್ಕಳು ಮೂರು ಫೋಟೋಗಳನ್ನೂ ಕ್ಯಾಂಟೀನಿನಲ್ಲಿ ಚಿತ್ರಾನ್ನ ಬಡಿಸುವ ಅಕ್ಕನಿಗೆ ತೋರಿಸಿ, "ಅಕ್ಕ, ಇದರಲ್ಲಿ ನಾನು ಯಾವುದು?" ಅಂತ ಕೇಳುತ್ತಾರೆ. ಅವರು ಯಾವುದರ ಮೇಲೆ ಬೆರಳಿಡುತ್ತಾರೋ ಅದನ್ನೇ ಹಾಕಲು ಹೇಳುತ್ತೇನೆ.